ತೊಟ್ಟಿ ಮನೆಯ ಬೆಲೆ

ರಾಜಾನುಕುಂಟೆಯ ಸುತ್ತಿನ ಹಳ್ಳಿಗಳಲ್ಲಿ ಹಳೆಯ ಮನೆಯೊಂದು ಮಾರಾಟಕ್ಕೆ ಬಂದರೆ ಕೊಳ್ಳುವವರು ಮೊದಲು ಕೇಳುವುದು ನಿವೇಶನದ ಅಳತೆ. ಮನೆಯ ಮಾತು ಬರುವುದು ಕೊನೆಗೆ. ಆಗಲೂ ಮರದ ವ್ಯಾಪಾರಿಯೊಬ್ಬ ಬಂದು ಕಂಬ, ತೊಲೆ, ಬಾಗಿಲುವಾಡಗಳನ್ನು ಎಣಿಸಿ ಒಂದು ಬೆಲೆ ಹೇಳುತ್ತಾನೆ. ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಈ ರಸ್ತೆಯ ಇಕ್ಕೆಲದ ರಾಗಿ ಹೊಲಗಳು ಒಂದೊಂದಾಗಿ ಲೇಔಟುಗಳಾದವು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲಂತೂ ನೆಲಕ್ಕೆ ಚಿನ್ನದ ಬೆಲೆ. ನೆಲದ ಬೆಲೆ ಏರಿದಷ್ಟೂ ಅದರ ಮೇಲೆ ನಿಂತ ಮನೆ ಅಗ್ಗವಾಗುತ್ತ ಹೋಯಿತು.

ನಮ್ಮ ಮೈಸೂರು ಸೀಮೆಯ ತೊಟ್ಟಿ ಮನೆಯಲ್ಲಿ ಹುಟ್ಟಿದವರಿಗೆ ಅದನ್ನು ಬಣ್ಣಿಸಬೇಕಾಗಿಲ್ಲ. ಬೀದಿಗೆ ಜಗಲಿ. ಒಳಗೆ ನಾಲ್ಕು ದಿಕ್ಕಿನಿಂದಲೂ ಹೆಂಚಿನ ಮಾಡು ಇಳಿದು ಬಂದು ನಡುವೆ ಆಕಾಶ ಕಾಣುವ ತೊಟ್ಟಿ. ಸುತ್ತಲೂ ಕಂಬಗಳ ಪಡಸಾಲೆ, ಅದರಾಚೆ ಕೋಣೆಗಳು. ಬಿಸಿಗಾಳಿ ತೊಟ್ಟಿಯಿಂದ ಮೇಲೇರಿ ಹೋಗುತ್ತದೆ, ದಪ್ಪ ಮಣ್ಣುಗೋಡೆ ಬಿಸಿಲನ್ನು ತಡೆಯುತ್ತದೆ. ಹಪ್ಪಳ ಒಣಗಿಸಿದ್ದು, ಹೂ ಕಟ್ಟಿದ್ದು, ಬಾಣಂತಿ ಎಳೆ ಬಿಸಿಲಿಗೆ ಕೂಸನ್ನು ಹಿಡಿದದ್ದು ಎಲ್ಲ ಇಲ್ಲಿಯೇ. ಹೊಸಿಲು ದಾಟಲು ಹತ್ತು ಅಪ್ಪಣೆ ಬೇಕಿದ್ದ ಕಾಲದಲ್ಲಿ ಹೆಂಗಸರ ಪಾಲಿಗೆ ಸಿಕ್ಕಿದ ಆಕಾಶವೆಂದರೆ ಅಷ್ಟೇ.

ಆದರೆ ಅದೇ ಮನೆಯ ಅಡುಗೆಮನೆಗೆ ಕಿಟಕಿ ಇರುತ್ತಿದ್ದುದು ಅಪರೂಪ. ಹೊಗೆಗೆ ತೊಲೆ ಕಪ್ಪಾದಂತೆ ಅತ್ತೆ ಸೊಸೆಯರ ಕಣ್ಣೂ ಕೆಂಪಾಗುತ್ತಿತ್ತು. ನೀರು ಹೊರಗಿನ ಬಾವಿಯದು. ಕಕ್ಕಸಿನ ಮಾತು ಕೇಳಲೇಬೇಡಿ. ಆದ್ದರಿಂದ ಮನೆ ಮಾರಿದ ದಿನ ಗಂಡಸರು ‘ಅಜ್ಜನ ಕಾಲದ್ದು’ ಎಂದು ನಿಟ್ಟುಸಿರು ಬಿಟ್ಟರೆ, ಹೆಂಗಸರು ಸದ್ದಿಲ್ಲದೆ ಪಾತ್ರೆ ಕಟ್ಟುತ್ತಾರೆ. ಹಳೆಯದನ್ನು ಉಳಿಸಿ ಎಂದು ಭಾಷಣ ಮಾಡುವವರು ಆ ಮೌನವನ್ನೂ ಸ್ವಲ್ಪ ಕೇಳಿಸಿಕೊಳ್ಳಬೇಕು.

ದೂರದ ಡೆನ್ಮಾರ್ಕ್, ಸ್ವೀಡನ್ ದೇಶಗಳಲ್ಲಿ ಹಳ್ಳಿಗಾಡಿನ ಹಳೆಯ ಮನೆಗಳು ಮನೆಯಾಗಿಯೇ ಮಾರಾಟವಾಗುವುದುಂಟು. ಡೆನ್ಮಾರ್ಕಿನಲ್ಲಿ 1918ರಲ್ಲೇ ಹಳೆಯ ಕಟ್ಟಡಗಳ ರಕ್ಷಣೆಗೆ ಕಾನೂನು ಬಂತು. ಪಟ್ಟಿಗೆ ಸೇರಿದ ಮನೆಯನ್ನು ಯಾರು ಬೇಕಾದರೂ ಕೊಳ್ಳಬಹುದು, ಒಲೆ ಹಚ್ಚಿ ಸಂಸಾರ ಮಾಡಬಹುದು. ಬದಲಾವಣೆ ಮಾಡಬೇಕಾದರೆ ಮಾತ್ರ ಅಪ್ಪಣೆ ಪಡೆಯಬೇಕು. ಸ್ವೀಡನ್ನಿನ ಹಳ್ಳಿಮನೆಗಳ ಮರದ ಗೋಡೆಗೆ ಇಂದಿಗೂ ಫಾಲುನ್ ಊರಿನ ತಾಮ್ರದ ಗಣಿಯಿಂದ ಬಂದ ಕೆಂಪು ಬಣ್ಣವನ್ನೇ ಬಳಿಯುತ್ತಾರೆ. ನಮ್ಮವರು ಹಬ್ಬಕ್ಕೆ ಗೋಡೆಗೆ ಕೆಮ್ಮಣ್ಣು ಸಾರಿಸುತ್ತಿದ್ದಂತೆಯೇ ಅದೂ. ಅಲ್ಲಿ ಆ ಬಣ್ಣ ಉಳಿಯಿತು. ನಮ್ಮಲ್ಲಿ ಡಿಸ್ಟೆಂಪರ್ ಬಂತು.

ನಮ್ಮಲ್ಲಿಯೂ ಈ ಸಂಕಟ ಪಟ್ಟವರಿದ್ದಾರೆ. ಮಣಿಪಾಲದ ವಿಜಯನಾಥ ಶೆಣೈ ಅವರು ಬ್ಯಾಂಕಿನ ನೌಕರಿಯಲ್ಲಿದ್ದವರು. ಹಳೆಯ ಮನೆಗಳನ್ನು ಕೆಡವಿ ಮರವನ್ನು ಮಾರಿಬಿಡುವುದನ್ನು ನೋಡಲಾರದೆ ಕಂಬ, ಬಾಗಿಲುಗಳನ್ನು ಕೂಡಿಸತೊಡಗಿದರು. ಅವುಗಳಿಂದ ತಮ್ಮ ವಾಸಕ್ಕೆಂದು ಕಟ್ಟಿಕೊಂಡ ‘ಹಸ್ತಶಿಲ್ಪ’ವನ್ನು ನೋಡಲು ಬರುವವರು ಹೆಚ್ಚಾಗಿ, ಕೊನೆಗೆ ಅದು ಊರಿಗೆಲ್ಲ ನೋಡುವ ಮನೆಯಾಯಿತು. ಮುಂದೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿದರು. ಕುಂದಾಪುರ ಕಡೆಯ ಹರ್ಕೂರಿನ ಮನೆ, ಕುಕನೂರಿನ ಕಮಲ ಮಹಲು ಇಂದು ಅಲ್ಲಿವೆ. ಶೆಣೈ ಅವರು 2017ರಲ್ಲಿ ತೀರಿಕೊಂಡರು. ಅವರಿಲ್ಲದಿದ್ದರೆ ಆ ಕಂಬಗಳು ಯಾವ ಹೋಟೆಲಿನ ಅಲಂಕಾರವಾಗುತ್ತಿದ್ದವೋ!

ಆದರೂ ನೋಡುವ ಮನೆಯಲ್ಲಿ ಹಾಲು ಉಕ್ಕುವುದಿಲ್ಲ, ಮಕ್ಕಳು ಜಗಳವಾಡುವುದಿಲ್ಲ. ಇದ್ದಲ್ಲಿಯೇ, ಬಾಳುವ ಮನೆಯಾಗಿ ಉಳಿಸಿಕೊಳ್ಳುವುದು ಇನ್ನೂ ಮೇಲು. ಅದಕ್ಕೆ ಮನೆಯ ಗುಣ ತಿಳಿದಿರಬೇಕು. ಮಣ್ಣಿನ ಗೋಡೆಗೆ ಭದ್ರವಾಗಲಿ ಎಂದು ಸಿಮೆಂಟ್ ಬಳಿದರೆ ತೇವ ಹೊರಬರಲಾರದೆ ಗೋಡೆ ಒಳಗೇ ಸಡಿಲವಾಗುತ್ತದೆ. ಸುಣ್ಣದ ಗಾರೆಯಾದರೆ ಗೋಡೆ ಉಸಿರಾಡುತ್ತದೆ. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಅರೆಯುತ್ತಿದ್ದ ಹಿರಿಯರಿಗೆ ಇದು ಗೊತ್ತಿತ್ತು.

ಹಾಗೆಂದು ಏನನ್ನೂ ಮುಟ್ಟಬಾರದೆಂದಲ್ಲ. ಈ ಮನೆಗಳು ಎಂದೂ ಇದ್ದಂತೆಯೇ ಇದ್ದವಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಮನೆಗಳ ನಾಡಹೆಂಚು ಇಳಿದು ಮಂಗಳೂರು ಹೆಂಚು ಏರಿತು. ಮಾಡಿಗೆ ಸಿಕ್ಕ ಆ ಭಾಗ್ಯ ಅಡುಗೆಮನೆಗೂ ಸಿಗಲಿ. ಅಲ್ಲೊಂದು ಕಿಟಕಿ, ನಲ್ಲಿ, ನಿಂತು ಬೇಯಿಸುವ ಕಟ್ಟೆ, ಒಳಗೇ ಒಂದು ಬಚ್ಚಲು ಇಷ್ಟಾದರೆ ತೊಟ್ಟಿಗೇನೂ ಕುಂದಿಲ್ಲ. ಕಂಬದ ಬೋದಿಗೆಯ ಕೆತ್ತನೆಯನ್ನು ಜೋಪಾನ ಮಾಡಿ ಹೆಂಗಸನ್ನು ಹೊಗೆಯಲ್ಲೇ ಬಿಟ್ಟರೆ ಅದು ಉಳಿಸಿದಂತಲ್ಲ.

ಮಾರುವುದು ಪಾಪವಲ್ಲ. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಅವರ ಮನೆ 2011ರಲ್ಲಿ ಮಾರಾಟವಾಗಿ ಕೆಡವುವ ಕೆಲಸವೂ ಶುರುವಾಗಿತ್ತು. ಜನ ದನಿಯೆತ್ತಿದ್ದರಿಂದ ಕೆಲಸ ನಿಂತು, ದುರಸ್ತಿಯಾಗಿ 2016ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ನಮ್ಮ ಹಳ್ಳಿಯ ಮನೆಗಳಿಗೆ ಹೆಸರಾಂತ ಒಡೆಯರಿಲ್ಲ, ಅವಕ್ಕಾಗಿ ಪತ್ರಿಕೆಗಳು ಬರೆಯುವುದಿಲ್ಲ. ದನಿಯೆತ್ತಿದರೆ ಆ ಮನೆಯವರೇ ಎತ್ತಬೇಕು. ಈಗ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಉಂಟು, ಪತ್ರದ ಮೇಲೆ ಅವರ ಸಹಿಯೂ ಬೇಕು. ಸಹಿ ಹಾಕುವ ಮೊದಲು ‘ಇದನ್ನು ಮನೆಯಾಗಿಯೇ ಕೊಳ್ಳುವವರು ಯಾರಾದರೂ ಇದ್ದಾರೆಯೇ, ವಿಚಾರಿಸಿದಿರಾ?’ ಎಂದು ಅಣ್ಣತಮ್ಮಂದಿರನ್ನು ಒಂದು ಮಾತು ಕೇಳಿದರೆ ತಪ್ಪೇನು?