ನಾಗಸಂದ್ರದ ವಲಸೆ ಕಾರ್ಮಿಕರು: ಆಸ್ಪತ್ರೆ ಚಿಕಿತ್ಸೆ ಮತ್ತು ವೆಚ್ಚ
ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ನಾಗಸಂದ್ರದ ಸುತ್ತಮುತ್ತ ಉತ್ತರ ಕರ್ನಾಟಕದಿಂದಲೂ ಬಿಹಾರ, ಒಡಿಶಾ ಮೊದಲಾದ ರಾಜ್ಯಗಳಿಂದಲೂ ಬಂದ ಕಾರ್ಮಿಕರು ನೆಲೆಸಿದ್ದು, ಅವರ ಆಸ್ಪತ್ರೆಯ ಖರ್ಚನ್ನು ಭರಿಸುವವರು ಯಾರೆಂಬುದು ಕಾಯಿಲೆಯ ತೀವ್ರತೆಗಿಂತ ಹೆಚ್ಚಾಗಿ ಅವರ ಹೆಸರು ಯಾವ ದಾಖಲೆಯಲ್ಲಿದೆ ಎಂಬುದನ್ನು ಅವಲಂಬಿಸಿರುತ್ತದೆ. ಈ ಖರ್ಚು ಭರಿಸುವ ವ್ಯವಸ್ಥೆಗಳಲ್ಲಿ ಮುಖ್ಯವಾದುದು 1948ರ ಕಾಯ್ದೆಯಿಂದ ರೂಪುಗೊಂಡ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಇದು ಅನ್ವಯಿಸುತ್ತದೆ. 2019ರ ಜುಲೈಯಲ್ಲಿ ಜಾರಿಗೆ ಬಂದ ದರದಂತೆ ಕಾರ್ಮಿಕನ ವಂತಿಗೆ ಶೇ 0.75, ಮಾಲೀಕನದು ಶೇ 3.25, ಎಂದರೆ 16,000 ರೂಪಾಯಿ ಸಂಬಳದ ಚೀಟಿಯಲ್ಲಿ 120 ರೂಪಾಯಿ ಕಡಿತವಾಗಿ, ಮಾಲೀಕ 520 ರೂಪಾಯಿ ಸೇರಿಸಬೇಕಾಗುತ್ತದೆ. ವಿಮಾದಾರರು ಮೊದಲು ಚಿಕಿತ್ಸಾಲಯಕ್ಕೂ ಅಲ್ಲಿಂದ ಪೀಣ್ಯ ಅಥವಾ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೂ ಹೋಗುತ್ತಾರೆ. ಕಾಯಿಲೆಯ ರಜೆಗೆ, ವಂತಿಗೆಯ ಷರತ್ತು ಪೂರೈಸಿದವರಿಗೆ, ವರ್ಷದಲ್ಲಿ 91 ದಿನಗಳವರೆಗೆ ವೇತನದ ಶೇ 70ರಷ್ಟು ಭತ್ಯೆಯೂ ಉಂಟು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ದಿನಗೂಲಿಯವರಿಗೆ ಇದಾವುದೂ ದಕ್ಕದು; ಅಂಥವರು ಹತ್ತಿರದ ಖಾಸಗಿ ಕ್ಲಿನಿಕ್‌ಗೆ ಕೈಯಿಂದಲೇ ಹಣ ತೆರುತ್ತಾರೆ, ಸಾಲದಿದ್ದರೆ ಮೇಸ್ತ್ರಿಯಿಂದ ಮುಂಗಡ ಪಡೆದು ಕೂಲಿಯಲ್ಲಿ ಮುರಿಸಿಕೊಳ್ಳುತ್ತಾರೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯು ವೈದ್ಯಕೀಯ ಸಹಾಯಧನ ನೀಡುತ್ತದೆಯಾದರೂ ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು. ಮೇಸ್ತ್ರಿ ಬದಲಾದಂತೆ ಅದನ್ನು ಪಡೆಯುವುದೇ ಕಷ್ಟ.