ಡೋಟಾ 2: ಅಭಿಮಾನಿಗಳು ಕಟ್ಟಿದ ಆಟ, ಕಂಪನಿಗಳು ಕಿತ್ತಾಡಿದ ಹೆಸರು

ಇ-ಸ್ಪೋರ್ಟ್ಸ್ ಲೋಕದಲ್ಲಿ ದಾಖಲೆಯ ಬಹುಮಾನ ಕೊಟ್ಟ ‘ಡೋಟಾ 2’ ಮೂಲತಃ ಕಂಪನಿಯ ಆಟವೇ ಅಲ್ಲ. ಬೇರೊಂದು ಆಟದೊಳಗೆ ಅಭಿಮಾನಿಗಳು ಕಟ್ಟಿದ ಮ್ಯಾಪ್ ಅದರ ಬೇರು.

ಅಮೆರಿಕದ ಬ್ಲಿಝಾರ್ಡ್ ಕಂಪನಿ 2002ರಲ್ಲಿ ‘ವಾರ್‌ಕ್ರಾಫ್ಟ್ 3’ ಬಿಡುಗಡೆ ಮಾಡಿತು. ಆಟದ ಜತೆಗೇ ಹೊಸ ಮ್ಯಾಪ್ ರಚಿಸುವ ‘ವರ್ಲ್ಡ್ ಎಡಿಟರ್’ ಕೂಡ ಬಂತು. ಇದನ್ನು ಬಳಸಿ, ‘ಯೂಲ್’ ಎಂಬ ಹೆಸರಿನಲ್ಲಿ ಆಡುತ್ತಿದ್ದ ಒಬ್ಬ ಆಟಗಾರ 2003ರಲ್ಲಿ ‘ಡಿಫೆನ್ಸ್ ಆಫ್ ದಿ ಏನ್ಷಿಯಂಟ್ಸ್’ ರೂಪಿಸಿದರು. ‘ಡೋಟಾ’ ಎಂಬುದು ಅದರ ಚಿಕ್ಕ ರೂಪ. ಇದಕ್ಕೆ ಸ್ಫೂರ್ತಿಯಾದ ‘ಏಯಾನ್ ಆಫ್ ಸ್ಟ್ರೈಫ್’ ಕೂಡ ‘ಸ್ಟಾರ್‌ಕ್ರಾಫ್ಟ್’ ಆಟಕ್ಕೆ ಅಭಿಮಾನಿಗಳೇ ಮಾಡಿದ ಮ್ಯಾಪ್!

ಮೂಲ ವಾರ್‌ಕ್ರಾಫ್ಟ್‌ನಲ್ಲಿ ಒಬ್ಬರೇ ಇಡೀ ಸೈನ್ಯ ನಡೆಸಬೇಕು. ಡೋಟಾದಲ್ಲಿ ಐವರ ಎರಡು ತಂಡ, ಒಬ್ಬರಿಗೆ ಒಂದೇ ‘ಹೀರೋ’. ಸೈನಿಕರು ಮೂರು ದಾರಿಗಳಲ್ಲಿ ತಾವಾಗಿಯೇ ಸಾಗುತ್ತಾರೆ. ಎದುರಾಳಿ ನೆಲೆಯಲ್ಲಿರುವ ‘ಏನ್ಷಿಯಂಟ್’ ಕಟ್ಟಡವನ್ನು ಮೊದಲು ಕೆಡವಿದವರು ಗೆದ್ದಂತೆ. ಕಲಿಯಲು ಕಷ್ಟ, ಒಮ್ಮೆ ಹಿಡಿಸಿದರೆ ಬಿಡುವುದು ಇನ್ನೂ ಕಷ್ಟ.

ಯೂಲ್ ದೂರ ಸರಿದ ಮೇಲೆ ಸ್ಟೀವ್ ಫೀಕ್ ‘ಡೋಟಾ ಆಲ್‌ಸ್ಟಾರ್ಸ್’ ಬೆಳೆಸಿದರು. 2005ರಿಂದ ಹೊಣೆ ಹೊತ್ತವರು ತಮ್ಮ ಗುರುತು ಬಿಟ್ಟುಕೊಡದ ‘ಐಸ್‌ಫ್ರಾಗ್’. ಫೀಕ್ ಮುಂದೆ ರಾಯಟ್ ಕಂಪನಿ ಸೇರಿ, 2009ರಲ್ಲಿ ಬಂದ ‘ಲೀಗ್ ಆಫ್ ಲೆಜೆಂಡ್ಸ್’ಗೆ ದುಡಿದರು. ಅದೇ ವರ್ಷ ಐಸ್‌ಫ್ರಾಗ್ ವಾಲ್ವ್ ಕಂಪನಿ ಸೇರಿದರು.

ಜಗಳ ಶುರುವಾಗಿದ್ದು ಇಲ್ಲಿಂದ. 2010ರಲ್ಲಿ ವಾಲ್ವ್ ‘ಡೋಟಾ’ ಹೆಸರಿನ ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿತು. ತನ್ನ ಆಟದೊಳಗೆ ಹುಟ್ಟಿದ ಹೆಸರು ಬೇರೆಯವರ ಪಾಲಾಗುವುದನ್ನು ಬ್ಲಿಝಾರ್ಡ್ ವಿರೋಧಿಸಿತು. 2012ರ ಮೇನಲ್ಲಿ ರಾಜಿಯಾಯಿತು: ವಾಣಿಜ್ಯ ಬಳಕೆ ವಾಲ್ವ್‌ಗೆ, ವಾರ್‌ಕ್ರಾಫ್ಟ್ 3 ಮತ್ತು ಸ್ಟಾರ್‌ಕ್ರಾಫ್ಟ್ 2ರಲ್ಲಿ ಹಣದಾಸೆಯಿಲ್ಲದೆ ಮ್ಯಾಪ್ ಮಾಡುವವರೂ ಹೆಸರು ಬಳಸಬಹುದು. ಬ್ಲಿಝಾರ್ಡ್ ತನ್ನ ‘ಬ್ಲಿಝಾರ್ಡ್ ಡೋಟಾ’ದ ಹೆಸರು ಬದಲಿಸಿತು. ಅದೇ ಮುಂದೆ ‘ಹೀರೋಸ್ ಆಫ್ ದಿ ಸ್ಟಾರ್ಮ್’ ಆಯಿತು.

ಇತ್ತ 2011ರಲ್ಲೇ ಜರ್ಮನಿಯ ಕಲೋನ್‌ನಲ್ಲಿ ಮೊದಲ ‘ದಿ ಇಂಟರ್‌ನ್ಯಾಷನಲ್’ ಟೂರ್ನಿ ನಡೆದು, ಉಕ್ರೇನ್‌ನ ‘ನಾವಿ’ ತಂಡ 10 ಲಕ್ಷ ಡಾಲರ್ ಗೆದ್ದಿತ್ತು. ಆಟ ಅಧಿಕೃತವಾಗಿ ಬಿಡುಗಡೆಯಾಗಿದ್ದು 2013ರಲ್ಲಿ. ಅದೇ ವರ್ಷದಿಂದ ಟೂರ್ನಿಗಾಗಿ ಮಾರುವ ಡಿಜಿಟಲ್ ಸರಕಿನ ಆದಾಯದಲ್ಲಿ ಶೇ 25ರಷ್ಟನ್ನು ಬಹುಮಾನಕ್ಕೆ ಸೇರಿಸುವ ಪದ್ಧತಿ ಬಂತು. 2021ರ ಟೂರ್ನಿಯ ಒಟ್ಟು ಬಹುಮಾನ 4 ಕೋಟಿ ಡಾಲರ್, ಅಂದರೆ ಸುಮಾರು 300 ಕೋಟಿ ರೂ. ದಾಟಿತು. ಇದರಲ್ಲಿ ದೊಡ್ಡ ಪಾಲು ಆಟಗಾರರ ಜೇಬಿನಿಂದಲೇ ಬಂದದ್ದು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್‌ನಲ್ಲಿ ಭಾರತ ತಂಡ ಈ ಆಟದಲ್ಲಿ ಕಂಚು ಪಡೆಯಿತು.

ಬ್ಲಿಝಾರ್ಡ್ ಪಾಠ ಕಲಿತಂತೆ ಕಾಣುತ್ತದೆ. 2020ರಲ್ಲಿ ‘ವಾರ್‌ಕ್ರಾಫ್ಟ್ 3: ರಿಫೋರ್ಜ್ಡ್’ ಬಂದಾಗ ನಿಯಮ ಬಿಗಿಯಾಗಿತ್ತು: ಆಟಗಾರರು ರಚಿಸುವ ಮ್ಯಾಪ್‌ಗಳೆಲ್ಲ ಕಂಪನಿಯದೇ ಸ್ವತ್ತು.