ನೀಲಿಯೊಳಗಿನ ಕೆಂಪು: ಒಂದು ಚೀನೀ ಗುಳಿಗೆಯ ಕಥೆ

ಮಿದುಳಿನ ಕ್ಯಾನ್ಸರ್‌ಗೆ ಚೀನಾದ ಗಿಡಮೂಲಿಕೆಯಲ್ಲಿ ಔಷಧಿ ಇದೆಯಂತೆ, ನಿಜವಾ? ಈ ಪ್ರಶ್ನೆಗೆ ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ. ಅದಕ್ಕೇ ಇವತ್ತು ಒಂದು ಗುಳಿಗೆಯ ಇತಿಹಾಸ ಹೇಳ್ತೀನಿ.

ಅದರ ಹೆಸರು ಡಾಂಗ್‌ಗ್ವೀ ಲೂಹ್ವೇ ವಾನ್. 11 ಪದಾರ್ಥಗಳ ಮಿಶ್ರಣ. ಹೆಸರಲ್ಲಿರೋ 'ಲೂಹ್ವೇ' ಅಂದ್ರೆ ನಮ್ಮ ಲೋಳೆಸರ. 1960ರ ದಶಕದಲ್ಲಿ ಚೀನಾದ ವೈದ್ಯರು ಇದನ್ನು ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾ ಅನ್ನೋ ರಕ್ತದ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟಾಗ ಕೆಲವರು ಚೇತರಿಸಿಕೊಂಡರು.

ಇಲ್ಲಿಗೇ ನಿಂತಿದ್ರೆ ಇದು ಇನ್ನೊಂದು ನಾಟಿ ಔಷಧಿಯ ಕಥೆ ಆಗ್ತಿತ್ತು. ಕೋಡ್‌ನಲ್ಲಿ ಬಗ್ ಹುಡುಕುವಾಗ ನಾವು ಒಂದೊಂದೇ ಭಾಗ ತೆಗೆದು ನೋಡ್ತೀವಲ್ಲ, ಹಾಗೆ ಅವರು ಸೋಸುತ್ತಾ ಹೋದರು. ಕೊನೆಗೆ ಉಳಿದದ್ದು ಗುಳಿಗೆಯ ಹೆಸರಲ್ಲೇ ಇಲ್ಲದ ಚಿಂಗ್‌ದಾಯ್. ಎಲೆಗಳನ್ನು ನೀರಲ್ಲಿ ನೆನೆಸಿ, ಸುಣ್ಣ ಬೆರೆಸಿ ತೆಗೆಯೋ ನೀಲಿ ಪುಡಿ. ಬಟ್ಟೆಗೆ ಹಾಕ್ತಿದ್ದ ಇಂಡಿಗೋನೇ ಅದರ ಮುಖ್ಯ ಬಣ್ಣ. ಆದರೆ ಗುಣ ಇದ್ದದ್ದು ಆ ನೀಲಿಯಲ್ಲಲ್ಲ, ಅದರ ಜೊತೆ ಸ್ವಲ್ಪವೇ ಇರೋ ಕೆಂಪು ಅಣುವಿನಲ್ಲಿ. ಅದೇ ಇಂಡಿರುಬಿನ್. ಎರಡರಲ್ಲೂ ಪರಮಾಣುಗಳ ಲೆಕ್ಕ ಒಂದೇ, ಜೋಡಣೆ ಮಾತ್ರ ಬೇರೆ.

ಮುಂದೆ ಚೀನಾದಲ್ಲಿ 314 ಲುಕೇಮಿಯಾ ರೋಗಿಗಳಿಗೆ ಇಂಡಿರುಬಿನ್ ಕೊಟ್ಟು ನೋಡಿದರು. ಶೇಕಡಾ 26 ಜನರಲ್ಲಿ ರೋಗ ಪೂರ್ತಿ ಹತೋಟಿಗೆ ಬಂತು, 33ರಷ್ಟು ಜನರಲ್ಲಿ ಅರೆಬರೆ. ಹೊಟ್ಟೆನೋವು, ಭೇದಿಯೂ ಆಯ್ತು. ಅದು ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ 1999ರಲ್ಲಿ ಒಂದು ಉತ್ತರ ಸಿಕ್ಕಿತು: ಕೋಶ ವಿಭಜನೆಯನ್ನು ನಡೆಸೋ ಕೈನೇಸ್ ಅನ್ನೋ ಪ್ರೋಟೀನುಗಳನ್ನು ಇಂಡಿರುಬಿನ್ ತಡೆಯುತ್ತೆ.

ಈಗ ಮಿದುಳಿಗೆ ಬರೋಣ. ಗ್ಲಿಯೊಬ್ಲಾಸ್ಟೊಮಾ ಗಡ್ಡೆ ಗರಿಕೆ ಬೇರಿದ್ದ ಹಾಗೆ. ಕಿತ್ತರೂ ಎಲ್ಲೋ ಒಂದು ಎಳೆ ಉಳಿಯುತ್ತೆ. 2005ರ ದೊಡ್ಡ ಅಧ್ಯಯನದಲ್ಲಿ ವಿಕಿರಣದ ಜೊತೆ ಟೆಮೊಜೊಲೊಮೈಡ್ ಕೊಟ್ಟಾಗ ರೋಗಿಗಳ ಮಧ್ಯಮ ಆಯಸ್ಸು 12.1 ತಿಂಗಳಿಂದ 14.6ಕ್ಕೆ ಏರಿತು. ಅಷ್ಟೇ. ಮನೆಯವರು ಸಿಕ್ಕಿದ್ದನ್ನೆಲ್ಲ ಹುಡುಕ್ತಾರೆ ಅಂದ್ರೆ ಆಶ್ಚರ್ಯ ಏನಿದೆ?

2011ರಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಇಂಡಿರುಬಿನ್ ಗುಂಪಿನ ಅಣುಗಳು ಈ ಕೋಶಗಳ ಹರಡುವಿಕೆಯನ್ನೂ, ಗಡ್ಡೆಗೆ ಹೊಸ ರಕ್ತನಾಳ ಬೆಳೆಯೋದನ್ನೂ ತಡೆಯುತ್ತವೆ ಅಂತ ತೋರಿಸಿತು. ಇಲಿಗಳು ಹೆಚ್ಚು ದಿನ ಬದುಕಿದವು. ಇಲಿಗಳು, ಗಮನಿಸಿ. ಇಂಡಿರುಬಿನ್ ನೀರಲ್ಲಿ ಸರಿಯಾಗಿ ಕರಗಲ್ಲ. ಮಿದುಳಿಗೆ ತಲುಪಿಸೋದೂ ಕಷ್ಟ. ಹೋಗಲಿ, ಮೂಲಿಕೆಯನ್ನೇ ತಿಂದ್ರೆ? ಚಿಂಗ್‌ದಾಯ್ ತಗೊಂಡ ಕೆಲವರಿಗೆ ಶ್ವಾಸಕೋಶದ ರಕ್ತನಾಳಗಳ ಒತ್ತಡ ಏರಿದ್ದಕ್ಕೆ ಜಪಾನ್ ಸರ್ಕಾರ 2016ರಲ್ಲಿ ಎಚ್ಚರಿಕೆ ಕೊಟ್ಟಿತು.

ಹಾಗಾಗಿ ನನ್ನ ಮಾತು ಇಷ್ಟೇ. ಇನ್ನೊಂದು ಫಾರ್ವರ್ಡ್ ಬಂದಾಗ 'ಸುಳ್ಳು' ಅಂತ ಅಳಿಸಬೇಡಿ, 'ಸಿಕ್ತು' ಅಂತ ಕುಣಿಯಲೂಬೇಡಿ. ಗುಳಿಗೆ, ಪುಡಿ, ಅಣು, ಇಲಿ, ಮನುಷ್ಯ: ಕಥೆ ಯಾವ ಮೆಟ್ಟಿಲಲ್ಲಿದೆ ಅಂತ ಕೇಳಿ. ಚಿಕಿತ್ಸೆ ನಡೀತಿದ್ರೆ, ಯಾವ ಪುಡಿ ಕೊಡೋದಕ್ಕೂ ಮುಂಚೆ ಆಂಕಾಲಜಿಸ್ಟ್‌ಗೆ ಹೇಳಿ. ಮುಂದಿನ ವಿಡಿಯೋದಲ್ಲಿ ಸಿಗೋಣ.